ಕಾಲ್ ಮುಗಿದ ಮೇಲೆ ಆದ ತೀರ್ಮಾನ: ಊರಿನಿಂದ ಟೆಕ್ ಲೀಡ್ ಆಗಿ ಉಳಿದವರೊಬ್ಬರ ಪ್ರಕರಣ

ಈ ಪ್ರಕರಣದ ಎಂಜಿನಿಯರ್ ಅವರನ್ನು 'ಎಸ್' ಎಂದು ಕರೆಯುತ್ತೇನೆ. ಗುರುತು ಸಿಗದ ಹಾಗೆ ಊರು, ಕಂಪನಿಗಳ ಕ್ಷೇತ್ರ, ಕೆಲವು ತಾಂತ್ರಿಕ ವಿವರ ಬದಲಿಸಿದ್ದೇನೆ. ಊರನ್ನು ಶಿರಸಿ ಸೀಮೆಯ ಒಂದು ಹಳ್ಳಿ ಎಂದುಕೊಳ್ಳಿ. ಯಾವ ನಿರ್ಧಾರ ಯಾವುದರ ನಂತರ ಬಂತು ಎನ್ನುವುದನ್ನು ಮಾತ್ರ ಮುಟ್ಟಿಲ್ಲ. ನಾನು ಅವರ ಹಳೆಯ ಸಹೋದ್ಯೋಗಿ, ಈಗ ಬೇರೆ ಕಡೆ ಎಂಜಿನಿಯರಿಂಗ್ ಮ್ಯಾನೇಜರ್. ರಿಮೋಟ್ ಕೆಲಸ ಹುಡುಕುವವರು ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಇದೇ ಕಥೆ ಹೇಳುತ್ತೇನೆ. ಬರೆದಿಟ್ಟರೆ ಪ್ರತಿ ಸಲ ಹೇಳುವುದು ತಪ್ಪುತ್ತದೆ.

ಹಿನ್ನೆಲೆ

ಎಸ್ ಬೆಂಗಳೂರಿನ ಮಧ್ಯಮ ಗಾತ್ರದ ಪ್ರಾಡಕ್ಟ್ ಕಂಪನಿಯೊಂದರಲ್ಲಿ ಟೆಕ್ ಲೀಡ್, ಅಂದರೆ ತಂಡದ ತಾಂತ್ರಿಕ ದಿಕ್ಕು ನಿರ್ಧರಿಸುವವರು, ಆಗಿದ್ದರು. ಸರಕು ಸಾಗಣೆಯ ಸಾಫ್ಟ್‌ವೇರ್, ಎಂಟು ಜನರ ತಂಡ, ಬ್ಯಾಕೆಂಡ್‌ನಲ್ಲಿ ಹನ್ನೆರಡು ವರ್ಷಗಳ ಅನುಭವ. ಅವರ ನಾಯಕತ್ವ ಹೇಗಿತ್ತು ಎಂದರೆ, ತಂಡದವರು ಕುರ್ಚಿ ತಿರುಗಿಸಿ ಅವರನ್ನು ಕೇಳುತ್ತಿದ್ದರು. ಅವರು ಎದ್ದು ಬಂದು ಬಿಳಿ ಹಲಗೆಯ ಮೇಲೆ ಎರಡು ಚೌಕ, ಒಂದು ಬಾಣ ಬರೆಯುತ್ತಿದ್ದರು. ಕೆಲಸ ಮುಂದೆ ಹೋಗುತ್ತಿತ್ತು. ಇದನ್ನು ಯಾರೂ ಎಲ್ಲೂ ಬರೆದಿಡುತ್ತಿರಲಿಲ್ಲ. ಬರೆದಿಡುವ ಅಗತ್ಯವೂ ಕಂಡಿರಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಎರಡು ವಾರಕ್ಕೆ ಎಂದುಕೊಂಡು ಊರಿಗೆ ಹೋದರು. ಮರುವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮನೆಯಲ್ಲಿ ಅಮ್ಮ ಒಬ್ಬರೇ, ಜೊತೆಗೆ ಎರಡು ಎಕರೆ ಅಡಿಕೆ ತೋಟ. ಗಂಡ ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಒಪ್ಪಿದರು. ಮಗಳು ಊರಿನ ಶಾಲೆಗೆ ಸೇರಿದಳು. ಅಂದರೆ 2022ರ ಹೊತ್ತಿಗೆ ವಾಪಸ್ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. ಇಡೀ ಮನೆಯ ಸಂಪಾದನೆ ಎಸ್ ಅವರ ಸಂಬಳದ ಮೇಲೆ ನಿಂತಿತ್ತು.

ಆ ಎರಡು ವರ್ಷ ಅವರ ಲೀಡ್ ಕೆಲಸಕ್ಕೆ ತೊಂದರೆ ಆಗಲಿಲ್ಲ. ಕಾರಣ ಸರಳ. ಎಲ್ಲರೂ ಪರದೆಯ ಮೇಲಿನ ಅದೇ ಅಳತೆಯ ಚೌಕದಲ್ಲಿದ್ದರು. ಚರ್ಚೆ ನಡೆಯಲು ಇನ್ನೊಂದು ಜಾಗವೇ ಇರಲಿಲ್ಲ.

ಸಮಸ್ಯೆ ಎಲ್ಲಿ ಶುರುವಾಯಿತು

2022ರ ಮಧ್ಯದಲ್ಲಿ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬರಲು ಹೇಳಿತು. ಎಸ್ ಅವರಿಗೆ ವಿಶೇಷ ಅನುಮತಿ ಸಿಕ್ಕಿತು. ಮ್ಯಾನೇಜರ್ ಒಳ್ಳೆಯವರು, ಮನೆಯ ಪರಿಸ್ಥಿತಿ ಅರ್ಥ ಮಾಡಿಕೊಂಡರು. ಆಗ ಎಲ್ಲರೂ ಇದನ್ನು ಗೆಲುವು ಎಂದೇ ನೋಡಿದರು.

ಕೆಲವು ತಿಂಗಳಲ್ಲಿ ಒಂದು ದೊಡ್ಡ ನಿರ್ಧಾರ ಬಂತು. ಆರ್ಡರ್ ಸರ್ವೀಸ್ (ಆರ್ಡರ್ ನೋಡಿಕೊಳ್ಳುವ ಪ್ರೋಗ್ರಾಂ) ಅನ್ನು ಎರಡಾಗಿ ಒಡೆಯಬೇಕೇ, ಒಡೆದರೆ ಯಾವ ಡೇಟಾಬೇಸ್ ಟೇಬಲ್ ಯಾವ ಕಡೆಗೆ? ಒಂದು ಗಂಟೆ ವಿಡಿಯೊ ಕಾಲ್ ನಡೆಯಿತು. ತೀರ್ಮಾನವಾಗದೆ ಮುಗಿಯಿತು. ಎರಡು ದಿನ ಬಿಟ್ಟು ಎಸ್ ಅವರ ಪರದೆಗೆ ಒಂದು ಪುಲ್ ರಿಕ್ವೆಸ್ಟ್, ಅಂದರೆ ಕೋಡ್ ಬದಲಾವಣೆ ಸೇರಿಸಿಕೊಳ್ಳುವ ಕೋರಿಕೆ, ಬಂತು. ಟೇಬಲ್‌ಗಳನ್ನು ಆಗಲೇ ಬೇರೆ ಮಾಡಿದ್ದರು. ಕೇಳಿದಾಗ ಜೂನಿಯರ್ ಒಬ್ಬ ಹೇಳಿದ: "ನೀವು ಕಾಲ್‌ನಿಂದ ಹೋದ ಮೇಲೆ ನಾವು ಅಲ್ಲೇ ಸುಮ್ನೆ ಮಾತಾಡ್ತಾ ಇದ್ವಿ. ಹಂಗೇ ಡಿಸೈಡ್ ಆಗ್ಬಿಡ್ತು."

ಇದರಲ್ಲಿ ಸಂಚು ಏನೂ ಇರಲಿಲ್ಲ. ನಾಲ್ಕು ಜನ ಒಂದೇ ಕೋಣೆಯಲ್ಲಿದ್ದರು, ಹಲಗೆ ಎದುರಿಗಿತ್ತು, ಚಹಾ ಬಂದಿತ್ತು. ಅಷ್ಟೇ. ಆದರೆ ತಂಡದ ತಾಂತ್ರಿಕ ದಿಕ್ಕು ನಿರ್ಧರಿಸಬೇಕಾದವರು ಅದನ್ನು ಕೋಡ್ ಓದಿ ತಿಳಿದುಕೊಳ್ಳುವ ಸ್ಥಿತಿ ಬಂದಿತ್ತು. ಹುದ್ದೆ ಇತ್ತು, ಕೆಲಸ ಕೈಬಿಟ್ಟು ಹೋಗಿತ್ತು.

ಆ ವರ್ಷ ಸ್ಟಾಫ್ ಎಂಜಿನಿಯರ್ (ಲೀಡ್‌ಗಿಂತ ಮೇಲಿನ ತಾಂತ್ರಿಕ ಹುದ್ದೆ) ಬಡ್ತಿಗೆ ಅವರ ಹೆಸರು ಹೋಯಿತು, ಬಡ್ತಿ ಆಗಲಿಲ್ಲ. ಬಂದ ಕಾರಣ: "ವಿಸಿಬಿಲಿಟಿ ಕಡಿಮೆ." ಈ ಮಾತು ಕೇಳಿದವರು ತುಂಬ ಜನ ಇದ್ದಾರೆ. ಇದು ಅಳೆಯಲು ಬಾರದ, ಆದ್ದರಿಂದ ವಾದ ಮಾಡಲೂ ಬಾರದ ಟೀಕೆ.

ಆ ಕಂಪನಿಯನ್ನೇ ದೂರಬೇಕಿಲ್ಲ. ಗಾಳಿ ಎಲ್ಲ ಕಡೆ ಅದೇ ದಿಕ್ಕಿಗೆ ತಿರುಗುತ್ತಿತ್ತು. 2023ರ ಆಗಸ್ಟ್‌ನಲ್ಲಿ ಝೂಮ್ ಕಂಪನಿಯೇ ಆಫೀಸಿನ ಹತ್ತಿರ ವಾಸಿಸುವ ತನ್ನ ನೌಕರರಿಗೆ ವಾರಕ್ಕೆ ಎರಡು ದಿನ ಬರಲು ಹೇಳಿತು. ವಿಡಿಯೊ ಕಾಲ್ ಮಾರುವವರೇ ಹೀಗಂದರೆ ಉಳಿದವರ ಕಥೆ ಏನು, ಅಲ್ವಾ? ಅದೇ ಅಕ್ಟೋಬರ್‌ನಿಂದ ಟಿಸಿಎಸ್ ಐದು ದಿನ ಎಂದಿತು. 2025ರ ಜನವರಿಯಿಂದ ಅಮೆಜಾನ್ ಕೂಡ.

ಮೊದಲು ಮಾಡಿದ್ದು

ಮೊದಲ ಉಪಾಯ, ಹೆಚ್ಚು ಕಾಣಿಸಿಕೊಳ್ಳುವುದು. ಎಲ್ಲ ಮೀಟಿಂಗ್‌ಗೂ ಹಾಜರಿ, ಕ್ಯಾಮೆರಾ ಸದಾ ಆನ್, ಸ್ಲಾಕ್‌ನಲ್ಲಿ ಯಾರು ಏನು ಕೇಳಿದರೂ ಎರಡು ನಿಮಿಷದಲ್ಲಿ ಉತ್ತರ. ಇದು ಎರಡು ತಿಂಗಳು ಚೆನ್ನಾಗಿ ಕಂಡಿತು. ಆಮೇಲೆ ಅಡ್ಡಪರಿಣಾಮ ಕಾಣಿಸಿತು. ತಂಡ ಸ್ವತಃ ಯೋಚಿಸುವುದನ್ನು ಕಡಿಮೆ ಮಾಡಿತು. ಉತ್ತರ ಹೇಗೂ ಬರುತ್ತದಲ್ಲ! ಎಸ್ ಇಡೀ ದಿನ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ದೊಡ್ಡ ತೀರ್ಮಾನಗಳು ಮೊದಲಿನ ಹಾಗೆ ಕೋಣೆಯಲ್ಲೇ ಆಗುತ್ತಿದ್ದವು.

ಎರಡನೆಯ ಉಪಾಯ, ತಿಂಗಳಿಗೊಮ್ಮೆ ಬೆಂಗಳೂರು. ಶಿರಸಿಯಿಂದ ಸುಮಾರು 400 ಕಿಲೋಮೀಟರ್, ರಾತ್ರಿ ಬಸ್. ಅಲ್ಲಿದ್ದ ನಾಲ್ಕು ದಿನ ಎಲ್ಲ ಹಳೆಯ ಹಾಗೇ ನಡೆಯುತ್ತಿತ್ತು. ಇದೇ ಬಲೆ. ತಂಡದವರು ದೊಡ್ಡ ವಿಷಯಗಳನ್ನು "ಎಸ್ ಬಂದಾಗ ಮಾತಾಡೋಣ" ಎಂದು ಎತ್ತಿಡಲು ಶುರು ಮಾಡಿದರು. ಕಾಯಲಾಗದ ವಿಷಯಗಳು ಅವರಿಲ್ಲದೆ ತೀರ್ಮಾನವಾದವು, ಕಾಯಬಹುದಾದವು ಮೂರು ವಾರ ಕೊಳೆತವು. ಮನೆಯಲ್ಲೂ ಕಷ್ಟವಾಯಿತು. ಅಪ್ಪನ ಫಿಸಿಯೋಥೆರಪಿಯ ದಿನಗಳು ಈ ಪ್ರಯಾಣದ ಜೊತೆ ಡಿಕ್ಕಿ ಹೊಡೆಯುತ್ತಿದ್ದವು.

ಮೂರನೆಯದು ಬೇರೆ ಕೆಲಸದ ಹುಡುಕಾಟ. ಜಾಹೀರಾತಿನಲ್ಲಿ ರಿಮೋಟ್ ಎಂದಿರುತ್ತದೆ, ಕೆಳಗೆ ಓದಿದರೆ ಅಮೆರಿಕದೊಳಗೆ ಮಾತ್ರ, ಅಥವಾ ಯೂರೋಪಿನೊಳಗೆ ಮಾತ್ರ. ಭಾರತಕ್ಕೆ ತೆರೆದಿರುವ ಕೆಲಸಗಳಲ್ಲಿ ಜಾಸ್ತಿ ಸೀನಿಯರ್ ಡೆವಲಪರ್ ಹುದ್ದೆಗಳು. ಕೋಡ್ ಬರೆಯಲು ಯಾವ ಊರಾದರೂ ಪರವಾಗಿಲ್ಲ, ದಿಕ್ಕು ತೋರಿಸುವವರು ಮಾತ್ರ ಹತ್ತಿರ ಬೇಕು ಎನ್ನುವ ಲೆಕ್ಕ. ಅರ್ಜಿಗಳಿಗೆ ಉತ್ತರ ಬರಲಿಲ್ಲ. ಅವರ ರೆಸ್ಯೂಮೆ ನಾನೂ ನೋಡಿದೆ. 'ಎಂಟು ಜನರ ತಂಡವನ್ನು ಮುನ್ನಡೆಸಿದೆ', 'ಮೈಕ್ರೋಸರ್ವೀಸ್‌ಗೆ ಬದಲಾಯಿಸಿದೆ'. ಇಂಥ ಸಾಲುಗಳು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತವೆ. ಈ ವ್ಯಕ್ತಿ ಹೇಗೆ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂದು ಅವುಗಳಿಂದ ಗೊತ್ತಾಗುವುದಿಲ್ಲ.

ಕಾಫ್ಕಾ ಟಿಪ್ಪಣಿ

ತಿರುವು ಬಂದದ್ದು ಹಳೆಯ ಕಂಪನಿಯಲ್ಲೇ, ಒಂದು ಬೇಸರದ ವಾರದಲ್ಲಿ. ಸಾಗಣೆಯ ಸ್ಥಿತಿ ಬದಲಾದಾಗೆಲ್ಲ ಗ್ರಾಹಕರಿಗೆ ಸಂದೇಶ ಕಳಿಸಬೇಕಿತ್ತು. ಅದಕ್ಕೆ ಕಾಫ್ಕಾ (ಹಲವು ತಂಡಗಳು ಓದಬಲ್ಲ ಹಾಗೆ ಸಂದೇಶಗಳನ್ನು ಇಟ್ಟು ಹಂಚುವ ದೊಡ್ಡ ವ್ಯವಸ್ಥೆ) ತರೋಣ ಎಂದು ಬೆಂಗಳೂರಿನ ಕೋಣೆಯಲ್ಲಿ ಮಾತು ಶುರುವಾಗಿತ್ತು. ಎಸ್ ಅವರಿಗೆ ಅದು ಆಗಿನ ಮಟ್ಟಿಗೆ ಅತಿ ಅನಿಸಿತು. ಈ ಸಲ ಅವರು ಕಾಲ್ ಕರೆಯಲಿಲ್ಲ. ಎರಡು ಪುಟ ಬರೆದರು.

ಬರೆದ ರೀತಿ ಹೊಸದೇನಲ್ಲ. ಮೈಕಲ್ ನೈಗಾರ್ಡ್ 2011ರಲ್ಲಿ ಸೂಚಿಸಿದ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಮಾದರಿ. ಸಾಫ್ಟ್‌ವೇರ್ ರಚನೆಯ ಒಂದು ನಿರ್ಧಾರಕ್ಕೆ ಒಂದು ಚಿಕ್ಕ ಕಡತ. ಹಿನ್ನೆಲೆ ಏನು, ತೀರ್ಮಾನ ಏನು, ಅದರ ಪರಿಣಾಮ ಏನು, ಈಗ ಅದು ಯಾವ ಹಂತದಲ್ಲಿದೆ. ಅದನ್ನು ಕೋಡ್ ಇರುವ ಕಡೆಯೇ ಇಡುವುದು. ಅವರ ತೀರ್ಮಾನ ಹೀಗಿತ್ತು: ಸದ್ಯಕ್ಕೆ ಕಾಫ್ಕಾ ಬೇಡ. ಈಗಾಗಲೇ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲೇ ಒಂದು ಟೇಬಲ್ ಅನ್ನು ಸಂದೇಶಗಳ ಸರದಿ ಸಾಲಾಗಿ (ಕ್ಯೂ) ಬಳಸೋಣ. 2016ರಲ್ಲಿ ಬಂದ 9.5 ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ 'ಸ್ಕಿಪ್ ಲಾಕ್ಡ್' ಇದೆ. ಒಬ್ಬ ವರ್ಕರ್ (ಸಂದೇಶ ಕಳಿಸುವ ಪ್ರೋಗ್ರಾಂ) ಹಿಡಿದುಕೊಂಡ ಸಾಲನ್ನು ಇನ್ನೊಬ್ಬ ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತಾನೆ. ನಮ್ಮ ಪ್ರಮಾಣಕ್ಕೆ ಇಷ್ಟು ಸಾಕು.

ಕೊನೆಗೆ ಅವರು ಇನ್ನೊಂದು ಸಾಲು ಸೇರಿಸಿದರು. ಪ್ರಕರಣದಲ್ಲಿ ಅತಿ ಮುಖ್ಯ ಸಾಲು ಅದೇ ಎಂದು ನನ್ನ ಲೆಕ್ಕ. ಯಾವಾಗ ಈ ತೀರ್ಮಾನ ಬದಲಿಸಬೇಕು ಎನ್ನುವುದು. ಬೇರೆ ಎರಡು ತಂಡಗಳು ಇವೇ ಸಂದೇಶಗಳನ್ನು ಓದಬೇಕಾಗಿ ಬಂದರೆ, ಅಥವಾ ಹಳೆಯ ಸಂದೇಶಗಳನ್ನು ಮೊದಲಿನಿಂದ ಮತ್ತೆ ಓಡಿಸುವ ಅಗತ್ಯ ಬಂದರೆ, ಕಾಫ್ಕಾಗೆ ಹೋಗಿ. ನನ್ನನ್ನು ಕೇಳಲು ಕಾಯಬೇಡಿ.

ಕಾಮೆಂಟ್‌ಗಳು ಬಂದವು. ಕಾಲ್‌ಗಳಲ್ಲಿ ಎಂದೂ ಬಾಯಿ ಬಿಡದ ಒಬ್ಬ ಹುಡುಗಿ ಒಂದು ತಪ್ಪು ಹಿಡಿದಳು. ಸಾಲುಗಳನ್ನು ಸೇರಿಸಿ ಅಳಿಸುತ್ತಲೇ ಇದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಸತ್ತ ಸಾಲುಗಳು ತುಂಬಿ ಟೇಬಲ್ ಊದಿಕೊಳ್ಳುತ್ತದೆ, ಅವನ್ನು ಗುಡಿಸುವ ವ್ಯಾಕ್ಯೂಮ್ ಹಿಂದೆ ಬೀಳುತ್ತದೆ. ದಿನಕ್ಕೊಂದು ಪಾರ್ಟಿಷನ್ (ಟೇಬಲ್‌ನ ಪ್ರತ್ಯೇಕ ತುಂಡು) ಮಾಡಿ ಹಳೆಯದನ್ನು ಪೂರ್ತಿ ಬೀಳಿಸಿಬಿಡೋಣ ಎಂದಳು. ಎಸ್ ಟಿಪ್ಪಣಿ ತಿದ್ದಿದರು, ಅವಳ ಹೆಸರು ಹಾಕಿದರು. ಕಾಲ್‌ನಲ್ಲಾಗಿದ್ದರೆ ಆ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಏಳೆಂಟು ತಿಂಗಳ ನಂತರ ಎಸ್ ರಜೆಯಲ್ಲಿದ್ದರು, ಅಡಿಕೆ ಕೊನೆಕೊಯ್ಲಿನ ಸಮಯ. ವಾಪಸ್ ಬಂದಾಗ ಕಾಫ್ಕಾ ಕೆಲಸ ಶುರುವಾಗಿತ್ತು. ಬಿಲ್ಲಿಂಗ್ ತಂಡಕ್ಕೂ ಅನಾಲಿಟಿಕ್ಸ್ ತಂಡಕ್ಕೂ ಅದೇ ಸಂದೇಶಗಳು ಬೇಕಾಗಿದ್ದವು. ಅವರು ಟಿಪ್ಪಣಿ ಓದಿ, ಷರತ್ತು ಪೂರ್ತಿಯಾಗಿದೆ ಎಂದು ಅದರ ಕೆಳಗೇ ಬರೆದು ಮುಂದೆ ಹೋಗಿದ್ದರು. ಅಂದು ಸರ್ವೀಸ್ ಒಡೆದಾಗಲೂ ಎಸ್ ಇರಲಿಲ್ಲ, ಇಂದೂ ಇರಲಿಲ್ಲ. ಅಂದು ಅವರ ಯೋಚನೆಗೆ ಜಾಗ ಇರಲಿಲ್ಲ. ಈ ಸಲ ಅವರ ಯೋಚನೆಯೇ ತೀರ್ಮಾನ ಮಾಡಿತ್ತು.

ಫೋನ್ ಮಾಡಿದಾಗ ಅವರ ದನಿಯಲ್ಲಿ ಬಡ್ತಿ ಸಿಕ್ಕವರ ಖುಷಿ ಇತ್ತು. ನಿಜವಾದ ಬಡ್ತಿ ಮಾತ್ರ ಆ ವರ್ಷವೂ ಸಿಗಲಿಲ್ಲ. ಮೇಲಿನವರು ಟಿಪ್ಪಣಿಗಳನ್ನು ಓದುವವರಲ್ಲ, ಕೋಣೆಯಲ್ಲಿ ಯಾರು ಮಾತಾಡಿದರು ಎಂದು ನೆನಪಿಟ್ಟುಕೊಳ್ಳುವವರು. ಒಬ್ಬರೇ ಬರೆದರೆ ಸಾಲದು, ಬರೆದದ್ದರ ಮೇಲೆ ನಡೆಯುವ ಕಂಪನಿ ಬೇಕು ಎನ್ನುವುದು ಅವರಿಗೆ ಆಗ ಖಚಿತವಾಯಿತು.

ಹುಡುಕುವ ರೀತಿ ಬದಲಾಯಿತು

ಎರಡನೆಯ ಸುತ್ತಿನಲ್ಲಿ ಅವರು ಜಾಹೀರಾತು ನೋಡುವುದನ್ನೇ ಬಿಟ್ಟರು. ಕಂಪನಿ ಹೇಗೆ ತೀರ್ಮಾನ ಮಾಡುತ್ತದೆ ಎಂದು ಹೊರಗಿನಿಂದ ಓದಲು ಸಿಗುವ ಕಡೆ ಮಾತ್ರ ಅರ್ಜಿ ಹಾಕಿದರು. ಸಾಫ್ಟ್‌ವೇರ್ ಕಂಪನಿ ಗಿಟ್‌ಲ್ಯಾಬ್ ತನ್ನ ಕೆಲಸದ ಕೈಪಿಡಿಯ ಬಹುಭಾಗವನ್ನು ಸಾರ್ವಜನಿಕವಾಗಿ ಇಟ್ಟಿದೆ. ಆಫೀಸೇ ಇಲ್ಲದ ಕಂಪನಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಯಾರು ಬೇಕಾದರೂ ಓದಬಹುದು. ಅವರು ಅಲ್ಲಿ ಅರ್ಜಿ ಹಾಕಲಿಲ್ಲ, ಆದರೆ ಏನು ಹುಡುಕಬೇಕು ಎಂದು ಅಲ್ಲಿಂದ ಕಲಿತರು. ಓಪನ್ ಸೋರ್ಸ್ ಯೋಜನೆಗಳ ಮೇಲಿಂಗ್ ಲಿಸ್ಟ್‌ಗಳೂ ಪ್ರಸ್ತಾವಗಳೂ ಅಷ್ಟೇ ಉಪಯೋಗಕ್ಕೆ ಬಂದವು. ಒಂದೂರಿನಲ್ಲಿ ಇಲ್ಲದವರು ಸೇರಿ ತಾಂತ್ರಿಕ ತೀರ್ಮಾನ ಮಾಡುವುದು ಹಳೆಯ ಪದ್ಧತಿ. ಇಂಟರ್ನೆಟ್‌ನ ನಿಯಮಗಳ ಆರ್‌ಎಫ್‌ಸಿ ಸರಣಿ, ಅಂದರೆ ಅಭಿಪ್ರಾಯ ಕೇಳಿ ಹಂಚುವ ಬರಹಗಳು, ಶುರುವಾದದ್ದು 1969ರಲ್ಲಿ.

ರೆಸ್ಯೂಮೆಯ ಸಾಲುಗಳನ್ನು ತೀರ್ಮಾನಗಳಾಗಿ ಬದಲಿಸಿದರು. ಏನು ಆಯ್ಕೆ ಇತ್ತು, ಏನು ಬಿಟ್ಟೆ, ಆಮೇಲೆ ಏನಾಯಿತು. ಹಳೆಯ ಕಂಪನಿಯ ದಾಖಲೆಗಳನ್ನು ಹೊರಗೆ ತರಲಿಲ್ಲ, ಅವು ಕಂಪನಿಯ ಸ್ವತ್ತು. ಅದರ ಬದಲು ಡೇಟಾಬೇಸ್ ಟೇಬಲ್ ಅನ್ನು ಸರದಿ ಸಾಲಾಗಿ ಯಾವಾಗ ಬಳಸಬಹುದು, ಯಾವಾಗ ಬಳಸಬಾರದು ಎಂದು ಒಂದು ಸಾಮಾನ್ಯ ಲೇಖನ ಹೊಸದಾಗಿ ಬರೆದು, ತಾವೇ ಮಾಡಿದ ಪ್ರಯೋಗಗಳನ್ನು ಜೊತೆಗಿಟ್ಟರು. ಅರ್ಜಿಗಳು ಕಡಿಮೆಯಾದವು, ಉತ್ತರಗಳು ಬರಲು ಶುರುವಾದವು.

ಕೊನೆಗೆ ಎರಡು ಆಫರ್ ಕೈಯಲ್ಲಿದ್ದವು. ಮೊದಲನೆಯದು ಅಮೆರಿಕದ ಪಶ್ಚಿಮ ಕರಾವಳಿಯ ಕಂಪನಿ. ಹುದ್ದೆಯ ಹೆಸರು ದೊಡ್ಡದು, ಹಣವೂ ಜಾಸ್ತಿ. ಎರಡನೆಯದು ಯೂರೋಪಿನ ಕಂಪನಿ. ನೌಕರರು ಹತ್ತಾರು ದೇಶಗಳಲ್ಲಿ ಚದುರಿದ್ದಾರೆ, ಸಂಬಳ ಸುಮಾರು ಮೂರನೇ ಒಂದು ಪಾಲು ಕಡಿಮೆ.

ಎಸ್ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದರು: "ಇತ್ತೀಚೆಗೆ ನೀವು ಬದಲಿಸಿದ ಒಂದು ತಾಂತ್ರಿಕ ತೀರ್ಮಾನ ಯಾವುದು? ಅದು ಎಲ್ಲಿ ಬರೆದಿದೆ, ತೋರಿಸಬಹುದಾ?" ಅಮೆರಿಕದ ಕಂಪನಿಯವರು ನಕ್ಕರು. ನಾವು ವೇಗವಾಗಿ ಕೆಲಸ ಮಾಡುವವರು, ಏನಾದರೂ ಬಂದರೆ ತಕ್ಷಣ ಒಂದು ಕಾಲ್ ಮಾಡಿ ಮುಗಿಸುತ್ತೇವೆ ಎಂದರು. ಅಲ್ಲಿನ ಬೆಳಿಗ್ಗೆ ಒಂಬತ್ತು ಎಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. 'ತಕ್ಷಣ ಒಂದು ಕಾಲ್' ಎನ್ನುವುದು ಯಾರ ನಿದ್ದೆಯ ಮೇಲೆ ನಿಂತಿದೆ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಇನ್ನೊಂದು ವಿಷಯವೂ ಗೊತ್ತಾಯಿತು. ನಿರ್ದೇಶಕರ ಮಟ್ಟದವರೆಲ್ಲ ಒಂದೇ ನಗರದಲ್ಲಿದ್ದರು.

ಯೂರೋಪಿನ ಕಂಪನಿಯ ಸಂದರ್ಶಕರು ಪರದೆ ಹಂಚಿಕೊಂಡು ಒಂದು ಆರ್‌ಎಫ್‌ಸಿ ತೋರಿಸಿದರು, ಗುಟ್ಟಿನ ಭಾಗ ಮುಚ್ಚಿ. ಸಿಟಿಓ (ತಂತ್ರಜ್ಞಾನ ಮುಖ್ಯಸ್ಥರು) ಬರೆದ ಪ್ರಸ್ತಾವ. ಅದರ ಕೆಳಗೆ ಒಬ್ಬ ಎಂಜಿನಿಯರ್‌ನ ವಿರೋಧ, ನಾಲ್ಕು ದಿನ ಚರ್ಚೆ, ಕೊನೆಗೆ 'ಕೈಬಿಡಲಾಗಿದೆ' ಎಂಬ ಮುದ್ರೆ. ಆ ಎಂಜಿನಿಯರ್ ಬೇರೆ ದೇಶದವರು.

ಮನೆಯಲ್ಲಿ ಚರ್ಚೆ ಬಿಸಿಯಾಯಿತು. ಅಣ್ಣ ಅಮೆರಿಕದ ಆಫರ್ ಕಡೆ. ಎರಡು ವರ್ಷ ಕಷ್ಟಪಟ್ಟರೆ ಮನೆಯ ಸಾಲ ತೀರುತ್ತದೆ ಎನ್ನುವುದು ಅವರ ವಾದ, ಅದು ತಳ್ಳಿಹಾಕುವಂಥದ್ದಲ್ಲ. ಬರೀ ಕೋಡ್ ಬರೆಯುವ ಹುದ್ದೆಯಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಎಸ್ ಯೂರೋಪ್ ಆರಿಸಿದರು. ಬೆಂಗಳೂರಿನ ಕೋಣೆಯನ್ನು ಬಿಟ್ಟು ಇನ್ನೂ ದೂರದ ಇನ್ನೊಂದು ಕೋಣೆಯ ಹೊರಗೆ ನಿಲ್ಲಲು ಮನಸ್ಸಿಲ್ಲ ಎಂದರು.

ಕಾಗದಪತ್ರ

ಈ ಭಾಗ ಚಿಕ್ಕದು, ಆದರೆ ಇದನ್ನು ಹಗುರವಾಗಿ ನೋಡಿ ಆಮೇಲೆ ಪೇಚಾಡುವವರು ಬಹಳ. ಕಂಪನಿ ಎರಡು ದಾರಿ ಕೊಟ್ಟಿತು. ಸ್ವತಂತ್ರ ಗುತ್ತಿಗೆದಾರರಾಗಿ ಬಿಲ್ ಕಳಿಸುವುದು ಒಂದು. ಭಾರತದಲ್ಲಿರುವ ಮಧ್ಯವರ್ತಿ ಕಂಪನಿಯ ಮೂಲಕ ನೌಕರಿಗೆ ಸೇರುವುದು ಇನ್ನೊಂದು.

ಗುತ್ತಿಗೆಯಲ್ಲಿ ಕೈಗೆ ಬರುವ ಹಣ ಜಾಸ್ತಿ. ತಾಂತ್ರಿಕ ಸಲಹೆಗಾರರಂಥ ವೃತ್ತಿಪರರು ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಂ ಅಡಿ ಕೈಗೆ ಬಂದ ಒಟ್ಟು ಹಣದ ಅರ್ಧವನ್ನು ಮಾತ್ರ ಲಾಭವೆಂದು ತೋರಿಸಿ ತೆರಿಗೆ ಕಟ್ಟಬಹುದಿತ್ತು. ಇದರ ಮಿತಿ ಆಗ 50 ಲಕ್ಷ ರೂಪಾಯಿ, ನಗದು ವ್ಯವಹಾರ ಶೇ. 5 ಮೀರದಿದ್ದರೆ 75 ಲಕ್ಷ. ತಮ್ಮ ಕೆಲಸ ಇದರಡಿ ಬರುತ್ತದೆಯೇ ಎಂದು ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶಕ್ಕೆ ಕೊಡುವ ಸೇವೆಗೆ ತೆರಿಗೆ ಶೂನ್ಯ, ಆದರೆ ಪ್ರತಿ ಹಣಕಾಸು ವರ್ಷ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಬೇಕು. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಅಪ್ಪ ಅಮ್ಮನನ್ನು ಸೇರಿಸುವ ಗುಂಪು ವಿಮೆ ಇಲ್ಲ. ಪಾರ್ಶ್ವವಾಯು ಆದ ಹಿರಿಯರಿಗೆ ಹೊಸದಾಗಿ ಸ್ವಂತ ವಿಮೆ ಮಾಡಿಸಲು ಹೋದವರಿಗೆ ಆ ಕಷ್ಟ ಗೊತ್ತು. ಎಸ್ ಮಧ್ಯವರ್ತಿ ಕಂಪನಿಯ ನೌಕರಿ ಆರಿಸಿದ್ದಕ್ಕೆ ಮುಖ್ಯ ಕಾರಣ ಇದೇ. ಸಂಬಳದ ತೆರಿಗೆಯ ಪ್ರಮಾಣಪತ್ರ (ಆಗ ಫಾರ್ಮ್ 16) ಇದ್ದರೆ ಬ್ಯಾಂಕ್‌ನವರು ಮುಖ ಕೊಟ್ಟು ಮಾತಾಡುತ್ತಾರೆ ಎನ್ನುವುದು ಎರಡನೆಯ ಕಾರಣ.

ಸೇರಿದ ಮೇಲೆ

ಮೊದಲ ಆರು ತಿಂಗಳು ಸುಲಭವಿರಲಿಲ್ಲ. ಎಸ್ ಬರೆದ ಮೊದಲ ಪ್ರಸ್ತಾವ ಹನ್ನೊಂದು ಪುಟ. ಒಂದೂ ಕಾಮೆಂಟ್ ಬರಲಿಲ್ಲ. ಪೋಲೆಂಡಿನ ಸಹೋದ್ಯೋಗಿ ಒಬ್ಬರು ನೇರವಾಗಿ ಹೇಳಿದರು, ನೀವು ಏನು ಮಾಡಬೇಕೆನ್ನುತ್ತೀರಿ ಎಂದು ತಿಳಿಯಲು ಒಂಬತ್ತನೇ ಪುಟಕ್ಕೆ ಬರಬೇಕಾಯಿತು ಎಂದು. ಅಲ್ಲಿಂದ ಅವರು ತೀರ್ಮಾನವನ್ನು ಮೊದಲ ಪ್ಯಾರಾದಲ್ಲೇ ಬರೆಯುತ್ತಾರೆ. ಎರಡನೇ ಪ್ಯಾರಾದಲ್ಲಿ ಇದನ್ನು ಒಪ್ಪದವರು ಏನು ಹೇಳಬಹುದು ಎನ್ನುವುದು. ಕೆಳಗೆ ಒಂದು ದಿನಾಂಕ: ಗುರುವಾರ ಸಂಜೆಯೊಳಗೆ ವಿರೋಧ ಬರದಿದ್ದರೆ ಇದೇ ಅಂತಿಮ.

ಇನ್ನೊಂದು ಪಾಠ ದುಬಾರಿಯಾಯಿತು. ಬೇರೆ ತಂಡವೊಂದು ಎಪಿಐಗೆ (ಗ್ರಾಹಕರ ಪ್ರೋಗ್ರಾಂಗಳು ವಿನಂತಿ ಕಳಿಸುವ ಬಾಗಿಲು) ಇಷ್ಟೇ ವಿನಂತಿ ಎಂದು ಮಿತಿ ಹಾಕುವ ವ್ಯವಸ್ಥೆ ಪ್ರಸ್ತಾಪಿಸಿತ್ತು. ಎಲ್ಲ ಲೆಕ್ಕ ಒಂದೇ ರೆಡಿಸ್‌ನಲ್ಲಿ (ಮೆಮೊರಿಯಲ್ಲಿಡುವ ವೇಗದ ಡೇಟಾಬೇಸ್). ಎಸ್ ಅವರಿಗೆ ಅದು ಸರಿ ಕಾಣಲಿಲ್ಲ. ಅವರು ಹಾಕಿದ ಕಾಮೆಂಟ್: "ರೆಡಿಸ್ ಬಿದ್ದರೆ ಏನಾಗುತ್ತದೆ ಎಂದು ಯೋಚಿಸಿದ್ದೀರಾ?" ಬರೆದವರು 'ಹೌದು' ಎಂದು ಉತ್ತರಿಸಿ ಕಾಮೆಂಟ್ ಮುಚ್ಚಿದರು. ನಮ್ಮ ಕಡೆ ಹಿರಿಯರೊಬ್ಬರು ಹೀಗೆ ಕೇಳಿದರೆ ಅದು ಬೇಡ ಎಂದೇ ಎಲ್ಲರಿಗೂ ಅರ್ಥವಾಗುತ್ತದೆ. ಮುಖ, ದನಿ, ಒಂದು ಕ್ಷಣದ ಮೌನ ಉಳಿದದ್ದನ್ನು ಹೇಳುತ್ತವೆ. ಬರಹದಲ್ಲಿ ಅದು ಬರೀ ಪ್ರಶ್ನೆ. ಎರಡು ತಿಂಗಳಲ್ಲಿ ರೆಡಿಸ್ ಬದಲಿ ಸರ್ವರ್‌ಗೆ ಹಾರುವಾಗ ಸಿಕ್ಕಿಹಾಕಿಕೊಂಡಿತು. ಲೆಕ್ಕ ಸಿಗದ ಕಾರಣ ಮಿತಿ ವ್ಯವಸ್ಥೆ ಎಲ್ಲ ವಿನಂತಿಗಳನ್ನೂ ತಿರಸ್ಕರಿಸಿತು. ಗ್ರಾಹಕರಿಗೆ ಇಪ್ಪತ್ತು ನಿಮಿಷ ಏನೂ ಸಿಗಲಿಲ್ಲ.

ಘಟನೆಯ ವಿಮರ್ಶೆಯನ್ನು ಎಸ್ ಅವರೇ ಬರೆದರು. ರೆಡಿಸ್ ಸಿಗದಿದ್ದಾಗ ವಿನಂತಿಗಳನ್ನು ಒಳಗೆ ಬಿಡಬೇಕು ಎನ್ನುವುದು ತಾಂತ್ರಿಕ ತಿದ್ದುಪಡಿ. ಅದಕ್ಕಿಂತ ದೂರ ಹೋದದ್ದು ಇನ್ನೊಂದು ಸಲಹೆ. ಪ್ರತಿ ಕಾಮೆಂಟ್‌ನ ಮೊದಲು ಅದು ತಡೆಯೋ, ಸಲಹೆಯೋ, ಪ್ರಶ್ನೆಯೋ ಎಂದು ಬರೆಯಬೇಕು. ತಡೆ ಎಂದು ಬರೆದದ್ದನ್ನು ಬರೆದವರೇ ತೆಗೆಯುವ ತನಕ ಪ್ರಸ್ತಾವ ಮುಂದೆ ಹೋಗಬಾರದು. ಇದು ಇಡೀ ಕಂಪನಿಯ ರೂಢಿಯಾಯಿತು. ಜಪಾನಿನಲ್ಲಿದ್ದ ಒಬ್ಬರು ಇದಕ್ಕಾಗಿ ಥ್ಯಾಂಕ್ಸ್ ಹೇಳಿ ಖಾಸಗಿ ಸಂದೇಶ ಕಳಿಸಿದರಂತೆ.

ಮಲೆನಾಡಿನ ಮಳೆಗಾಲದ ಬಗ್ಗೆ ಅವರು ಸಂದರ್ಶನದಲ್ಲೇ ಹೇಳಿದ್ದರು. ಜುಲೈನಲ್ಲಿ ಮರ ಬಿದ್ದರೆ ಕರೆಂಟೂ ಹೋಗುತ್ತದೆ, ಫೈಬರೂ ಹೋಗುತ್ತದೆ. ಒಂದು ಬಿಎಸ್‌ಎನ್‌ಎಲ್ ಫೈಬರ್, ಒಂದು ಮೊಬೈಲ್ ಡೇಟಾ, ಇನ್ವರ್ಟರ್, ರೌಟರ್‌ಗೆ ಬೇರೆ ಸಣ್ಣ ಬ್ಯಾಟರಿ. ಇಷ್ಟಿದ್ದರೂ ಪೂರ್ತಿ ದಿನ ಸಂಪರ್ಕ ಕಡಿದ ಸಂದರ್ಭಗಳಿವೆ. ಆದ್ದರಿಂದ ಮಳೆಗಾಲದಲ್ಲಿ ಆನ್‌ಕಾಲ್ ಸರದಿಗೆ (ತೊಂದರೆ ಬಂದಾಗ ಕರೆಗೆ ಸಿಗಬೇಕಾದ ಪಾಳಿ) ಅವರ ಜೊತೆ ಇನ್ನೊಬ್ಬರ ಹೆಸರು ಇರುತ್ತದೆ, ಡಿಸೆಂಬರ್ ರಜೆಯಲ್ಲಿ ಅವರು ಆ ಇನ್ನೊಬ್ಬರ ಸರದಿ ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟಿದ್ದರೆ ಇದೇ ವಿಷಯ ಮೊದಲ ಜುಲೈನಲ್ಲಿ ಬೇಜವಾಬ್ದಾರಿ ಎನಿಸಿಕೊಳ್ಳುತ್ತಿತ್ತು.

ಮನೆಯಲ್ಲೇ ಇರ್ತಾಳಲ್ಲ

ಯಾವ ಕೈಪಿಡಿಯಲ್ಲೂ ಇಲ್ಲದ ಸಮಸ್ಯೆ ಇದು. ಹೆಣ್ಣುಮಗಳು ಮನೆಯಲ್ಲಿ ಕೂತಿದ್ದಾಳೆ ಎಂದರೆ ಕೆಲಸದಲ್ಲಿದ್ದಾಳೆ ಎಂದು ಹಳ್ಳಿಯಲ್ಲಿ ಯಾರೂ ಒಪ್ಪುವುದಿಲ್ಲ. ನೆಂಟರು ಬರುತ್ತಾರೆ, ಚಾ ಆಗಬೇಕು. ಪಕ್ಕದ ಮನೆಯವರಿಗೆ ಆಧಾರ್ ಅಪ್‌ಡೇಟ್ ಆಗಬೇಕು, ಕಂಪ್ಯೂಟರ್ ಇರುವುದು ಇವರ ಮನೆಯಲ್ಲೇ. ತೋಟದ ಆಳುಗಳ ಲೆಕ್ಕ, ಮಗಳ ಶಾಲೆಯ ವಾಟ್ಸಾಪ್. ಗಂಡ ಮನೆಯಲ್ಲೇ ಇದ್ದರೂ ಬಂದವರು ಇವರನ್ನೇ ಕೂಗುತ್ತಿದ್ದರು. ಬಾಗಿಲು ಹಾಕಿಕೊಂಡರೆ ಸೊಕ್ಕು ಎಂದರು.

ಎಸ್ ಒಂದು ವರ್ಷ ಇದನ್ನು ಹೊಂದಿಸಿಕೊಂಡು ಹೋಗಲು ನೋಡಿದರು. ಆಮೇಲೆ ಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಕೋಣೆ ಬಾಡಿಗೆಗೆ ಹಿಡಿದರು. ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತಾರೆ, ರಾತ್ರಿ ಎಂಟಕ್ಕೆ ಬರುತ್ತಾರೆ. ಮಧ್ಯ ಯೂರೋಪ್ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಹಾಗಾಗಿ ಈ ಸಮಯ ಹೊಂದುತ್ತದೆ. ಮೊದಲ ಎರಡು ಮೂರು ಗಂಟೆ ಯಾರೂ ಇರುವುದಿಲ್ಲ, ಬರೆಯುವ ಕೆಲಸ ಆಗ. ಕೋಣೆ ಹಿಡಿದ ಮೇಲೆ ನೆಂಟರ ದೂರೂ ನಿಂತಿತು, ಈಗ ಅವರು 'ಆಫೀಸಿಗೆ' ಹೋಗುತ್ತಾರೆ. ಆ ಬಾಡಿಗೆಯಷ್ಟು ಲಾಭ ಕೊಟ್ಟ ಖರ್ಚು ಇನ್ನೊಂದಿಲ್ಲ ಎನ್ನುತ್ತಾರೆ ಎಸ್. ಗಂಡು ಮಕ್ಕಳಿಗೆ ಈ ಖರ್ಚು ಬೇಕಾಗುವುದು ಕಡಿಮೆ ಎನ್ನುವುದು ನಾನು ಸೇರಿಸುವ ಮಾತು.

ಈಗ

ಸೇರಿ ಒಂದೂವರೆ ವರ್ಷಕ್ಕೆ ಸ್ಟಾಫ್ ಎಂಜಿನಿಯರ್ ಬಡ್ತಿ ಬಂತು. ಇಂದು ಮೂರು ತಂಡಗಳ ಪ್ಲಾಟ್‌ಫಾರ್ಮ್ ದಿಕ್ಕು ಅವರ ಹೊಣೆ. ಬಡ್ತಿಯ ಕಡತದಲ್ಲಿ ಇದ್ದದ್ದು ಅವರ ಪ್ರಸ್ತಾವಗಳ ಕೊಂಡಿಗಳು, ಅವುಗಳ ಕೆಳಗಿನ ಚರ್ಚೆ. ಅದನ್ನು ಪರಿಶೀಲಿಸಿದ ಇಬ್ಬರು ಅವರನ್ನು ಮುಖತಃ ನೋಡಿಯೇ ಇರಲಿಲ್ಲ. ಷೆಂಗನ್ ವೀಸಾ ಸಮಯಕ್ಕೆ ಸಿಗದೆ ಮೊದಲ ವಾರ್ಷಿಕ ಭೇಟಿ ತಪ್ಪಿತ್ತು.

ಕಳೆದುಕೊಂಡದ್ದೂ ಇದೆ. ಬೆಂಗಳೂರಿನ ಗೆಳೆಯರ ಬಳಗ ತೆಳುವಾಗಿದೆ. ಈ ಕೆಲಸ ಹೋದರೆ ಇಂಥದ್ದೇ ಇನ್ನೊಂದು ಸಿಗಲು ಒಂದು ವರ್ಷ ಬೇಕಾಗಬಹುದು ಎನ್ನುವ ಭಯ ಅವರಿಗಿದೆ. ಅದಕ್ಕೆ ಒಂದು ವರ್ಷದ ಖರ್ಚಿನ ಹಣವನ್ನು ಬೇರೆ ಇಟ್ಟಿದ್ದಾರೆ. ಇದೇ ದಾರಿ ಹಿಡಿದ ಅವರ ಹಳೆಯ ತಂಡದ ಒಬ್ಬ, ಎರಡು ವರ್ಷದಲ್ಲಿ ಮತ್ತೆ ಬೆಂಗಳೂರಿಗೆ ಬಂದ. ಅವನಿಗೆ ಹಲಗೆಯ ಮುಂದೆ ನಿಂತು ವಾದ ಮಾಡಿದರೇ ಯೋಚನೆ ಬರುತ್ತದೆ. ಬರೆಯಲು ಕೂತರೆ ತಲೆ ಓಡುವುದಿಲ್ಲ. ಈಗ ಅವನು ಖುಷಿಯಾಗಿದ್ದಾನೆ, ಒಳ್ಳೆಯ ಲೀಡ್ ಕೂಡ.

ಕಳೆದ ವರ್ಷ ಶಿರಸಿ ಕಡೆಯ ಒಬ್ಬ ಹುಡುಗ, ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದವನು, ಎಸ್ ಅವರ ಕೋಣೆ ಹುಡುಕಿಕೊಂಡು ಬಂದ. ನನ್ನನ್ನೂ ನಿಮ್ಮ ಕಂಪನಿಗೆ ಸೇರಿಸಿ, ಊರಿನಿಂದಲೇ ಕೆಲಸ ಮಾಡುತ್ತೇನೆ ಎಂದ. ಮೊದಲು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮೂರ್ನಾಲ್ಕು ವರ್ಷ ಜನರ ಪಕ್ಕ ಕೂತು ಕಲಿ, ಆಮೇಲೆ ಬಾ ಎಂದರು ಎಸ್. ನೀವು ಮಾತ್ರ ಇಲ್ಲಿರಬಹುದಾ ಎಂದು ಕೇಳಿ ಅವನು ಬೇಸರದಿಂದ ಹೋದ. ಎಸ್ ಹೇಳಿದ್ದು ಸರಿ ಎಂದು ನನಗೂ ಅನಿಸುತ್ತದೆ, ಪೂರ್ತಿ ಅಲ್ಲ. ಅವರ ಬರಹಕ್ಕೆ ಬೆಲೆ ಬಂದದ್ದೇ ಹನ್ನೆರಡು ವರ್ಷ ಕೋಣೆಗಳಲ್ಲಿ ಕಲಿತದ್ದರಿಂದ. ಆದರೆ ಎಲ್ಲ ಹುಡುಗರಿಗೂ ಬೆಂಗಳೂರಿನ ಬಾಡಿಗೆ ಕಟ್ಟುವ ಶಕ್ತಿ ಇರುವುದಿಲ್ಲ.

ಆ ಮಾತು ಅವರನ್ನೂ ಬಿಡಲಿಲ್ಲ ಅಂತ ಕಾಣುತ್ತದೆ. ಈ ವರ್ಷ ಕಂಪನಿಗೆ ಒಂದು ಪ್ರಸ್ತಾವ ಬರೆದರು. ಇಬ್ಬರು ಹೊಸಬರನ್ನು ತೆಗೆದುಕೊಳ್ಳಿ, ಮೊದಲ ಎರಡು ವರ್ಷ ಅವರು ರಿಮೋಟ್ ಅಲ್ಲ, ದಿನವೂ ಪೇಟೆಯ ಈ ಕೋಣೆಗೆ ಬಂದು ನನ್ನ ಪಕ್ಕ ಕೂರುತ್ತಾರೆ ಎಂದು. ಎರಡು ತಡೆಗಳು ಬಂದವು, ಒಂದನ್ನು ಬರೆದವರೇ ಹಿಂತೆಗೆದುಕೊಂಡರು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಅರ್ಜಿ ಹಾಕಿದವರಲ್ಲಿ ಆ ಹುಡುಗನೂ ಇದ್ದಾನೆ, ಆಯ್ಕೆ ಮಾಡುವುದು ಎಸ್ ಅಲ್ಲ, ಪೋಲೆಂಡಿನ ಆ ಸಹೋದ್ಯೋಗಿ.